ಸಮುರಾಯ್‌ಗಳ ಕೊನೆಯ ನೆಲೆಗಳಲ್ಲಿ ಏಳು ದಿನ

ಮೊದಲ ದಿನ: ಉಜಿ

ಕ್ಯೋಟೊ ನಿಲ್ದಾಣದಿಂದ ಉಜಿಗೆ ರೈಲಿನಲ್ಲಿ ಅರ್ಧ ಗಂಟೆಯೂ ಹಿಡಿಯಲಿಲ್ಲ. ಜುಲೈ ತಿಂಗಳ ಬೆಳಗಿನ ಮಳೆ ಆಗಷ್ಟೇ ಬಿಟ್ಟಿತ್ತು. ಒಸಾಕಾದಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಒಂದು ವಾರ ರಜೆ ಹಾಕಿ ನನ್ನ ಜೊತೆಗೆ ಬಂದಿದ್ದ. ಜಪಾನಿ ಓದುಬರಹ ಬಲ್ಲ ಅವನಿಲ್ಲದೆ ಈ ಪ್ರವಾಸ ಸಾಗುತ್ತಲೇ ಇರಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ದಿನಗಳಲ್ಲಿ, ಹರಾಕಿರಿ ಎಂದರೇನು ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು ‘ಮಾನ ಉಳಿಸಿಕೊಳ್ಳಲು ಸಮುರಾಯ್‌ಗಳು ಹೊಟ್ಟೆ ಸೀಳಿಕೊಂಡು ಸಾಯುತ್ತಿದ್ದ ಪದ್ಧತಿ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಯಾರ ಮಾನ, ಅದನ್ನು ಕೊಡುವವರು ಯಾರು, ಸತ್ತವನ ಹಿಂದೆ ಉಳಿದವರು ಏನಾದರು ಎಂಬ ಪ್ರಶ್ನೆಗಳು ನಿವೃತ್ತಿಯಾದ ಮೇಲೂ ನನ್ನನ್ನು ಬಿಡಲಿಲ್ಲ. ಆ ಸಾವುಗಳು ನಡೆದ ನೆಲವನ್ನೇ ನೋಡಿ ಬರಬೇಕೆಂದು ಹೊರಟೆ.

ಉಜಿಗೆ ಬರುವವರೆಲ್ಲರೂ ಬ್ಯೋದೊ-ಇನ್ ದೇವಾಲಯದ ಫೀನಿಕ್ಸ್ ಮಂಟಪವನ್ನು ನೋಡಲು ಬರುತ್ತಾರೆ. 1053ರಲ್ಲಿ ಕಟ್ಟಿದ, ಜಪಾನಿನ ಹತ್ತು ಯೆನ್ ನಾಣ್ಯದ ಮೇಲೆ ಅಚ್ಚಾಗಿರುವ ಆ ಮಂಟಪವನ್ನು ನಾವೂ ಕೊಳದ ಈಚೆ ನಿಂತು ನೋಡಿದೆವು. ಆದರೆ ನನಗೆ ಬೇಕಾಗಿದ್ದುದು ಆವರಣದ ಒಂದು ಬದಿಯಲ್ಲಿ, ಕನ್ನೋನ್ ಬೋಧಿಸತ್ವನ ಗುಡಿಯ ಪಕ್ಕದಲ್ಲಿರುವ ಒಂದು ತುಂಡು ಹುಲ್ಲು. ಬೀಸಣಿಗೆಯ ಆಕಾರದ ಈ ಸಣ್ಣ ಹುಲ್ಲುಹಾಸಿಗೆ ‘ಓಗಿ ನೊ ಶಿಬಾ’, ಅಂದರೆ ಬೀಸಣಿಗೆಯ ಹುಲ್ಲು ಎಂದೇ ಹೆಸರು. 1180ರಲ್ಲಿ ತೈರಾ ಮನೆತನದ ವಿರುದ್ಧ ಎದ್ದು ನಿಂತ ಮಿನಾಮೊಟೊ ನೊ ಯೋರಿಮಾಸಾ, ರಾಜಕುಮಾರ ಮೋಚಿಹಿತೊನನ್ನು ನಾರಾ ನಗರಕ್ಕೆ ತಲುಪಿಸುವ ದಾರಿಯಲ್ಲಿ ಇಲ್ಲಿ ತಂಗಿದ್ದ. ಅವನ ಕಡೆಯವರು ಉಜಿ ಸೇತುವೆಯ ಹಲಗೆಗಳನ್ನು ಕಿತ್ತುಹಾಕಿದರೂ ತೈರಾ ಕುದುರೆ ಸವಾರರು ನದಿಗೆ ಇಳಿದು ದಾಟಿಯೇ ಬಿಟ್ಟರು. ಎಪ್ಪತ್ತು ದಾಟಿದ್ದ ಯೋರಿಮಾಸಾ ಗಾಯಗೊಂಡು, ಮಕ್ಕಳು ಶತ್ರುವನ್ನು ತಡೆಹಿಡಿದಿದ್ದ ಅಷ್ಟು ಹೊತ್ತಿನಲ್ಲಿ, ಈ ಹುಲ್ಲಿನ ಮೇಲೆ ತನ್ನ ಬೀಸಣಿಗೆ ಹಾಸಿ ಪ್ರಾಣ ಬಿಟ್ಟನೆಂಬುದು ಪ್ರತೀತಿ.

ಅವನು ಕವಿಯೂ ಆಗಿದ್ದ. ಸಾಯುವ ಮುನ್ನ ಅವನು ಹೇಳಿದನೆನ್ನುವ ಪದ್ಯದ ತಾತ್ಪರ್ಯ ಇಷ್ಟು: ನೆಲದೊಳಗೆ ಹೂತುಹೋದ ಮರದ ಹಾಗೆ ನನ್ನ ಬಾಳು ಒಮ್ಮೆಯೂ ಹೂ ಬಿಡಲಿಲ್ಲ, ಅದು ಕೊನೆಗೊಳ್ಳುವ ಈ ಬಗೆಯೂ ದುಃಖದ್ದೇ. ಮುಂದೆ ಶತಮಾನಗಳ ಕಾಲ ಮಾನದ ಮಾದರಿಯೆಂದು ಕೊಂಡಾಡಿಸಿಕೊಂಡ ಈ ಸಾವಿನ ಪದ್ಯದಲ್ಲಿ ಮಾನದ ಸೊಲ್ಲೇ ಇಲ್ಲ; ಸೋತ ಮುದುಕನೊಬ್ಬನ ಅಳಲು ಮಾತ್ರ ಇದೆ. ಸೆರೆ ಸಿಕ್ಕರೆ ಹಿಂಸೆ, ತಲೆ ಕಳೆದುಕೊಂಡರೆ ಶತ್ರುವಿಗೆ ಬಹುಮಾನ ಎನ್ನುವ ಯುದ್ಧದಲ್ಲಿ ಅದು ಅವನಿಗೆ ಉಳಿದಿದ್ದ ಕೊನೆಯ ದಾರಿಯಾಗಿತ್ತು. ಅವನ ಸೇವಕ ತಲೆಯನ್ನು ಕಲ್ಲಿಗೆ ಕಟ್ಟಿ ನದಿಯಲ್ಲಿ ಮುಳುಗಿಸಿದನೆಂದು ಕಥೆ ಹೇಳುತ್ತದೆ. ಹೆಜ್ಜೆ ಹೆಜ್ಜೆಗೂ ನಿಯಮ, ಬಿಳಿಯ ಬಟ್ಟೆ, ಸಾಕ್ಷಿಗಳ ಸಾಲು, ಇವೆಲ್ಲ ಬಂದದ್ದು ಬಹಳ ಕಾಲದ ಮೇಲೆ.

“ಹೊಟ್ಟೆಯೇ ಯಾಕೆ, ಚಿಕ್ಕಮ್ಮ?” ಎಂದು ಹುಡುಗ ಕೇಳಿದ. ಜಪಾನಿನಲ್ಲಿ ‘ಹರಾ’ ಎಂದರೆ ಹೊಟ್ಟೆ. ಮನುಷ್ಯನ ಧೈರ್ಯ, ನಿಜವಾದ ಉದ್ದೇಶ ಎಲ್ಲವೂ ಅಲ್ಲೇ ಇರುತ್ತವೆ ಎಂಬುದು ಹಳೆಯ ನಂಬಿಕೆ. ಮನಸ್ಸು ಬಿಚ್ಚಿ ಮಾತನಾಡುವುದನ್ನು ಇಂದಿಗೂ ಅವರು ಹೊಟ್ಟೆ ತೆರೆಯುವುದೆಂದೇ ಹೇಳುತ್ತಾರೆ. ಗುಟ್ಟನ್ನೂ ಇನ್ನೊಬ್ಬರ ತಪ್ಪನ್ನೂ ‘ಹೊಟ್ಟೆಯಲ್ಲಿ ಹಾಕಿಕೊಳ್ಳುವ’ ನಮಗೆ ಆ ಮಾತು ತೀರ ಹೊರಗಿನದೆಂದು ಅನ್ನಿಸಬೇಕಾಗಿಲ್ಲ. ಹರಾಕಿರಿಯನ್ನು ಬರೆಯುವ ಅಕ್ಷರಗಳನ್ನೇ ಹಿಂದುಮುಂದು ಮಾಡಿದರೆ ಸೆಪ್ಪುಕು ಆಗುತ್ತದೆ. ಸಮುರಾಯ್‌ಗಳ ದಾಖಲೆಗಳಲ್ಲಿ ಬರುವ ಗಂಭೀರವಾದ ಪದ ಅದೇ.

ಎರಡನೆಯ ದಿನ: ಬಿತ್ಚು ತಕಾಮಾತ್ಸು

ಹಿಂದಿನ ರಾತ್ರಿಯೇ ಒಕಾಯಾಮಾ ತಲುಪಿ, ಬೆಳಿಗ್ಗೆ ಸಣ್ಣ ಲೋಕಲ್ ರೈಲು ಹಿಡಿದು ಬಿತ್ಚು-ತಕಾಮಾತ್ಸು ನಿಲ್ದಾಣದಲ್ಲಿ ಇಳಿದೆವು. ಕೋಟೆ ಎಂದು ತಲೆಯೆತ್ತಿ ನೋಡಿದರೆ ಕಾಣುವಂಥದ್ದು ಇಲ್ಲಿ ಏನೂ ಇಲ್ಲ. ಸುತ್ತ ಗುಡ್ಡ, ನಡುವೆ ಗದ್ದೆಯ ಬಯಲು, ಬಯಲಿನಲ್ಲಿ ಒಂದು ತಗ್ಗಾದ ಉದ್ಯಾನ, ಅದರ ಕೆರೆಯಲ್ಲಿ ತಾವರೆ. ಉದ್ಯಾನಕ್ಕಾಗಿ ಹಳೆಯ ಜೌಗನ್ನು ಮತ್ತೆ ತೋಡಿದಾಗ, ಮಣ್ಣಿನಡಿ ಮಲಗಿದ್ದ ಬೀಜಗಳಿಂದ ತಾನಾಗಿ ಎದ್ದ ತಾವರೆಗಳಂತೆ ಇವು. ಇವನ್ನು ‘ಮುನೆಹಾರು ತಾವರೆ’ ಎಂದು ಕರೆಯುತ್ತಾರೆ. ನಾವು ಹೋದ ಹೊತ್ತಿಗೆ ತಿಳಿಗೆಂಪು ಹೂಗಳು ಪೂರ್ತಿ ಅರಳಿದ್ದವು, ಎಲೆಗಳ ಮೇಲೆ ರಾತ್ರಿಯ ಮಳೆನೀರು ನಿಂತಿತ್ತು.

ಶಿಮಿಜು ಮುನೆಹಾರು ಇಲ್ಲಿನ ಕೋಟೆಯ ಒಡೆಯ, ಪಶ್ಚಿಮದ ಮೋರಿ ಮನೆತನದ ನಿಷ್ಠ. 1582ರಲ್ಲಿ ಓದಾ ನೊಬುನಾಗಾನ ಸೇನಾಪತಿ ಹಿದೆಯೋಶಿ ಈ ಕೋಟೆಗೆ ಮುತ್ತಿಗೆ ಹಾಕಿದ. ಸುತ್ತಲೂ ಜೌಗು ಇದ್ದ ಕೋಟೆಯನ್ನು ನುಗ್ಗಿ ಹಿಡಿಯಲಾಗದೆ, ಅವನು ಮಣ್ಣಿನ ಏರಿ ಕಟ್ಟಿಸಿ, ಮಳೆಗಾಲದಲ್ಲಿ ತುಂಬಿದ್ದ ಅಶಿಮೋರಿ ನದಿಯನ್ನು ಒಳಗೆ ತಿರುಗಿಸಿದ. ಏರಿ ಸುಮಾರು 3 ಕಿಲೋಮೀಟರ್ ಉದ್ದವಿತ್ತು, ಹನ್ನೆರಡು ದಿನಗಳಲ್ಲಿ ಮುಗಿಯಿತು ಎಂಬುದು ಪ್ರಚಲಿತ ಲೆಕ್ಕ. ಅದರ ಒಂದು ಚೂರು ಕವಾಜುಗಹಾನಾ ಎಂಬಲ್ಲಿ ಇಂದಿಗೂ ಉಳಿದಿದೆ. ಬಯಲಿನಿಂದ ನಡೆದು ಹೋಗಿ ಅದರ ಮೇಲೆ ನಿಂತಾಗಲೇ, ಕೋಟೆ ಹೇಗೆ ನಡುಗಡ್ಡೆಯಾಗಿರಬೇಕು ಎಂಬುದು ನನ್ನ ಕಣ್ಣಿಗೆ ಕಟ್ಟಿತು.

ಸಂಧಾನದಲ್ಲಿ ಹಿದೆಯೋಶಿಯ ಷರತ್ತು ಒಂದೇ ಆಗಿ ಬಿಗಿಯಿತು: ಮುನೆಹಾರು ಸಾಯಬೇಕು, ಹಾಗಾದರೆ ಒಳಗಿರುವ ಸಾವಿರಾರು ಜನ ಬದುಕುತ್ತಾರೆ. ಮುನೆಹಾರು ಒಪ್ಪಿದ. ಇತ್ತ ಕ್ಯೋಟೊದ ಹೊನ್ನೊ-ಜಿ ದೇವಾಲಯದಲ್ಲಿ ಜೂನ್ 21ರ ಬೆಳಿಗ್ಗೆ ನೊಬುನಾಗಾ ತನ್ನದೇ ಸೇನಾಪತಿ ಅಕೇಚಿ ಮಿತ್ಸುಹಿದೆಯ ದಂಗೆಗೆ ಸಿಕ್ಕಿ ಸತ್ತಿದ್ದ. ಸುದ್ದಿ ಮರುದಿನ ರಾತ್ರಿ ಹಿದೆಯೋಶಿಗೆ ತಲುಪಿತು. ಅವನು ಅದನ್ನು ಯಾರಿಗೂ ತಿಳಿಯದಂತೆ ಮುಚ್ಚಿಟ್ಟು, ಮರುಬೆಳಿಗ್ಗೆಯೇ ಒಪ್ಪಂದವನ್ನು ಪೂರ್ತಿ ಮಾಡಿಸಿದ. ಮುನೆಹಾರು ತನ್ನ ಸನ್ಯಾಸಿ ಅಣ್ಣ ಮತ್ತು ಕೆಲವರೊಂದಿಗೆ ದೋಣಿಯಲ್ಲಿ ಕುಳಿತು, ಎರಡೂ ಕಡೆಯ ಸೈನ್ಯಗಳು ನೋಡುತ್ತಿರುವಂತೆ ನೀರಿನ ನಡುವಿಗೆ ಬಂದ, ನೋಹ್ ನಾಟಕದ ಶೈಲಿಯ ಒಂದು ಕುಣಿತ ಕುಣಿದ, ಪದ್ಯ ಹೇಳಿದ, ಸತ್ತ. ‘ತೇಲುವ ಈ ಲೋಕವನ್ನು ಈಗ ದಾಟುತ್ತಿದ್ದೇನೆ, ಬುಶಿಯ ಹೆಸರನ್ನು ತಕಾಮಾತ್ಸುವಿನ ಪಾಚಿಯಲ್ಲಿ ಉಳಿಸಿ’ ಎಂಬುದು ಆ ಪದ್ಯ. ಬುಶಿ ಎಂದರೆ ಯೋಧ, ತಕಾಮಾತ್ಸು ಎಂದರೆ ಎತ್ತರದ ಪೈನ್ ಮರ. ಊರಿನ ಹೆಸರಿನಲ್ಲಿಯೇ ತನ್ನ ಹೆಸರು ಎತ್ತರವಾಗಲೆಂಬ ಶ್ಲೇಷೆಯಿದೆ.

ಯೋರಿಮಾಸಾನಿಂದ ಮುನೆಹಾರುವಿಗೆ ನಾನೂರು ವರ್ಷ. ಅಲ್ಲಿ ಸೋತವನ ಏಕಾಂತ, ಇಲ್ಲಿ ಗೆದ್ದವನು ಸಾರಾಯಿ, ತಿಂಡಿ ಕೊಟ್ಟು ಕಳಿಸಿದ ದೋಣಿ. ಮುನೆಹಾರುವಿನ ನಡತೆಯನ್ನು ಹಿದೆಯೋಶಿ ಬಾಯಿತುಂಬ ಹೊಗಳಿದನೆಂದೂ, ಸೆಪ್ಪುಕು ಎಂಬುದು ಬುಶಿಗೆ ಒಪ್ಪುವ ಗೌರವದ ಕೊನೆಯೆಂಬ ಭಾವನೆ ಗಟ್ಟಿಯಾದದ್ದು ಇದರ ನಂತರವೇ ಎಂದೂ ಹೇಳುತ್ತಾರೆ. ಆ ಹೊಗಳಿಕೆಯನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಯಾವ ಯುದ್ಧವನ್ನು ನಿಲ್ಲಿಸಲು ಆ ಮನುಷ್ಯ ತಲೆ ಕೊಟ್ಟನೋ ಆ ಯುದ್ಧವನ್ನು ಹಿದೆಯೋಶಿ ಹೇಗೂ ಅಂದೇ ಬಿಟ್ಟು ಓಡಬೇಕಾಗಿತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ಅವನು ಕ್ಯೋಟೊ ಬಳಿ ಮಿತ್ಸುಹಿದೆಯನ್ನು ಸೋಲಿಸಿದ್ದ. ಆದರೂ ಕೋಟೆಯೊಳಗಿನವರು ಬದುಕಿದರು ಎಂಬುದು ನಿಜ. ಮುನೆಹಾರುವಿನ ತಲೆಯನ್ನು ಹೂಳಿದ ಗುಡ್ಡೆಯ ಮುಂದೆ ಯಾರೋ ಆ ದಿನ ಬೆಳಿಗ್ಗೆಯೇ ತಾಜಾ ಹೂವಿಟ್ಟು ಹೋಗಿದ್ದರು.

ಮೂರನೆಯ ದಿನ: ಕೋಬೆ

ಕೋಬೆ ನಗರದ ನಡುಮಧ್ಯೆ, ದೊಡ್ಡ ಅಂಗಡಿಗಳ ಎದುರಿನ ಚಿಕ್ಕ ಸನ್ನೊಮಿಯಾ ದೇವಾಲಯದಲ್ಲಿ ಒಂದು ಹಳೆಯ ತೋಪು ಮತ್ತು ಒಂದು ಫಲಕವಿದೆ. 1868ರ ಫೆಬ್ರವರಿ 4ರಂದು ಬಿಜೆನ್, ಅಂದರೆ ಒಕಾಯಾಮಾ ಸಂಸ್ಥಾನದ ಪಡೆ ಈ ಬೀದಿಯಲ್ಲಿ ಸಾಗುತ್ತಿದ್ದಾಗ ಫ್ರೆಂಚ್ ನಾವಿಕರು ಸಾಲನ್ನು ಅಡ್ಡ ಹಾಯ್ದರು. ಜಗಳ ಹತ್ತಿ, ಗುಂಡು ಹಾರಿತು. ಯಾರೂ ಸಾಯಲಿಲ್ಲ. ಆದರೂ ವಿದೇಶಿ ಸೈನಿಕರು ಊರನ್ನು ವಶಕ್ಕೆ ತೆಗೆದುಕೊಂಡರು, ಹೊಸದಾಗಿ ಅಧಿಕಾರ ಹಿಡಿದಿದ್ದ ಮೇಜಿ ಸರ್ಕಾರ ವಿದೇಶಿಯರ ಮನ್ನಣೆಗಾಗಿ ಕಾಯುತ್ತಿತ್ತು. ಗುಂಡು ಹಾರಿಸಲು ಆಜ್ಞೆ ಕೊಟ್ಟವನು ನಾನೇ ಎಂದು ಹೊಣೆ ಹೊತ್ತ ತಾಕಿ ಜೆನ್‌ಜಾಬುರೊ ಎಂಬ ಅಧಿಕಾರಿ ಮಾರ್ಚ್ 2ರ ರಾತ್ರಿ ಏಯ್‌ಫುಕು-ಜಿ ದೇವಾಲಯದಲ್ಲಿ, ಏಳು ಮಂದಿ ವಿದೇಶಿ ಪ್ರತಿನಿಧಿಗಳ ಮುಂದೆ ಸೆಪ್ಪುಕು ಮಾಡಿಕೊಂಡ. ಅವನನ್ನು ಉಳಿಸಬೇಕೆಂಬ ಕೋರಿಕೆಯನ್ನು ವಿದೇಶಿ ಮಂತ್ರಿಗಳು ಚರ್ಚಿಸಿ ತಳ್ಳಿಹಾಕಿದ್ದರು. ಅಂದು ಸಾಕ್ಷಿಯಾಗಿದ್ದ ಇಂಗ್ಲಿಷ್ ರಾಯಭಾರ ಕಚೇರಿಯ ಮಿಟ್‌ಫರ್ಡ್ ಬರೆದ ವರದಿಯಿಂದಲೇ ಯುರೋಪಿನ ಓದುಗರಿಗೆ ಈ ಆಚರಣೆಯ ವಿವರ ತಿಳಿಯಿತು.

ಏಯ್‌ಫುಕು-ಜಿ ಎರಡನೆಯ ಮಹಾಯುದ್ಧದ ಬಾಂಬಿನಲ್ಲಿ ನಾಶವಾಯಿತು. ತಾಕಿಯ ನೆನಪಿನ ಕಲ್ಲು ಈಗ ಹ್ಯೋಗೊದ ನೋಫುಕು-ಜಿಯಲ್ಲಿದೆ. ಎತ್ತರದ ಬುದ್ಧನನ್ನು ನೋಡಲು ಬರುವವರು ಅದರ ಪಕ್ಕದಲ್ಲೇ ನಡೆದು ಹೋಗುತ್ತಾರೆ. ನಾವು ಹದಿನೈದು ನಿಮಿಷ ಕುಳಿತೆವು. ಒಂದೂ ಹೆಣ ಬೀಳದ ಜಗಳಕ್ಕೆ ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯನನ್ನು ಒಂದು ಸರ್ಕಾರ ತೆತ್ತದ್ದು ನನಗೆ ಜೀರ್ಣವಾಗಲಿಲ್ಲ.

ನಾಲ್ಕನೆಯ ದಿನ: ಸಾಕಾಯ್

ಕೋಬೆಯ ಪ್ರಕರಣ ಮುಗಿದು ವಾರ ಕಳೆಯುವುದರೊಳಗೆ, ಮಾರ್ಚ್ 8ರಂದು, ಒಸಾಕಾದ ದಕ್ಷಿಣದ ಸಾಕಾಯ್ ಬಂದರಿನಲ್ಲಿ ತೊಸಾ ಸಂಸ್ಥಾನದ ಕಾವಲು ಪಡೆ ‘ದ್ಯೂಪ್ಲೆ’ ಎಂಬ ಫ್ರೆಂಚ್ ಹಡಗಿನ ಹನ್ನೊಂದು ನಾವಿಕರನ್ನು ಕೊಂದಿತು. ಫ್ರೆಂಚರು ಮರಣದಂಡನೆ ಕೇಳಿದರು. ಗುಂಡು ಹಾರಿಸಿದ್ದೇವೆಂದು ಒಪ್ಪಿಕೊಂಡವರು ಇಪ್ಪತ್ತೊಂಬತ್ತು ಜನ; ಸಾಯಬೇಕಾದವರು ಇಪ್ಪತ್ತು. ನಾಲ್ವರು ಮುಂದಾಳುಗಳನ್ನು ಬಿಟ್ಟು ಉಳಿದ ಇಪ್ಪತ್ತೈದು ಸೈನಿಕರಲ್ಲಿ ಹದಿನಾರು ಮಂದಿಯನ್ನು ಆರಿಸಲು ಒಸಾಕಾದ ತೊಸಾ ಇನಾರಿ ದೇವಾಲಯದಲ್ಲಿ ಚೀಟಿ ಎತ್ತಿಸಿದರು. ದೇವರ ಮುಂದೆ ಚೀಟಿ ಎತ್ತಿ ಯಾರು ಸಾಯಬೇಕೆಂದು ನಿರ್ಧರಿಸಿದ ಆ ಅಂಗಳವನ್ನು ನಾವು ಬೆಳಿಗ್ಗೆ ಮೊದಲು ನೋಡಿದೆವು. ಅಲ್ಲಿ ಈಗ ಚೆರ್ರಿ ಮರಗಳಿವೆ.

ಆ ಸೈನಿಕರಲ್ಲಿ ಹೆಚ್ಚಿನವರು ಕೆಳದರ್ಜೆಯ ಕಾಲಾಳುಗಳು. ಸೆಪ್ಪುಕು ಅವರ ಹಕ್ಕಾಗಿರಲಿಲ್ಲ, ಏಕೆಂದರೆ ಅದು ಸಮುರಾಯ್‌ಗಳಿಗೆ ಮಾತ್ರ ಮೀಸಲು. ಉಳಿದವರಿಗೆ ಸಾಮಾನ್ಯ ಅಪರಾಧಿಯಂತೆ ತಲೆ ಕಡಿಸಿಕೊಳ್ಳುವ ಗತಿ. ತಮ್ಮನ್ನು ಸಮುರಾಯ್‌ಗಳೆಂದು ಪರಿಗಣಿಸಬೇಕೆಂದು ಅವರು ಕೇಳಿದರು, ಸಂಸ್ಥಾನ ಒಪ್ಪಿತು. ನನ್ನ ಒಂದೇ ಸಾಲಿನ ಉತ್ತರದಲ್ಲಿ ಬಿಟ್ಟುಹೋಗಿದ್ದು ಇದು. ಸಾವು ಖಚಿತವಾದ ಮೇಲೆ ಯಾವ ಬಗೆಯ ಸಾವು ಎಂಬುದೇ ಒಂದು ದರ್ಜೆ, ಒಂದು ಪದವಿ. ಅದನ್ನು ಕೊಡುವ ಅಧಿಕಾರ ಮೇಲಿನವರ ಕೈಯಲ್ಲಿತ್ತು.

ಮಾರ್ಚ್ 16ರಂದು ಮ್ಯೋಕೊಕು-ಜಿ ದೇವಾಲಯದಲ್ಲಿ ಫ್ರೆಂಚ್ ಕಪ್ತಾನ ದ್ಯು ಪೆತಿ-ತುವಾರ್ ಎದುರಿಗೆ ಒಬ್ಬೊಬ್ಬರಾಗಿ ಬಂದು ಕುಳಿತರು. ಹನ್ನೊಂದನೆಯವನಾದ ಮೇಲೆ ಕಪ್ತಾನ ನಿಲ್ಲಿಸಲು ಹೇಳಿದ. ಸತ್ತ ನಾವಿಕರ ಸಂಖ್ಯೆಗೆ ಸರಿಹೋಯಿತೆಂದು ಒಂದು ಮಾತು, ನೋಡಲಾಗದೆ ಎದ್ದನೆಂದು ಇನ್ನೊಂದು. ಉಳಿದ ಒಂಬತ್ತು ಮಂದಿಯನ್ನು ತೊಸಾದ ಮೂಲೆಗೆ ಗಡೀಪಾರು ಮಾಡಿದರು. ಒಬ್ಬ ಅಲ್ಲಿಯೇ ಕಾಯಿಲೆಯಿಂದ ತೀರಿಕೊಂಡ, ಮಿಕ್ಕವರಿಗೆ ಆಮೇಲೆ ಕ್ಷಮಾದಾನ ಸಿಕ್ಕಿತು. ಮ್ಯೋಕೊಕು-ಜಿಯಲ್ಲಿ ಈಗ ಜನ ನೋಡುವುದು ಸಾವಿರ ವರ್ಷ ದಾಟಿದ್ದೆಂದು ಹೇಳುವ ಸೈಕಡ್ ಗಿಡವನ್ನು, ಬುಡದಿಂದ ನೂರು ಕಡೆಗೆ ಕವಲೊಡೆದ ಅದರ ದಪ್ಪ ಕಾಂಡಗಳನ್ನು.

ಹನ್ನೊಂದು ಮಂದಿಯ ಗೋರಿಗಳು ಪಕ್ಕದ ಹೋಜು-ಇನ್ ಆವರಣದಲ್ಲಿವೆ. ಅಲ್ಲಿ ಮಕ್ಕಳ ಶಿಶುವಿಹಾರ ನಡೆಯುತ್ತದೆ, ಆದ್ದರಿಂದ ಬಾಗಿಲಲ್ಲಿ ಕೇಳಿಕೊಂಡು ಒಳಗೆ ಹೋಗಬೇಕು. ಗೋರಿಗಳ ಮುಂದೆ ನಾವು ನಿಂತಿದ್ದಾಗ ಆಚೆಯ ಅಂಗಳದಿಂದ ಹಾಡಿನ ಸದ್ದು ಕೇಳುತ್ತಿತ್ತು. ಆ ಇಪ್ಪತ್ತು ಮಂದಿಗಾಗಿ ಇಪ್ಪತ್ತು ದೊಡ್ಡ ಮಣ್ಣಿನ ಗುಡಾಣಗಳನ್ನು ಶವ ಇಡಲು ತಂದಿದ್ದರು. ಒಂಬತ್ತು ಖಾಲಿ ಉಳಿದವು. ಸಾಕಾಯ್ ಜನ ಹನ್ನೊಂದು ಗೋರಿಗಳನ್ನು ‘ಗೊಜಾನ್ನೆನ್-ಸಾಮಾ’, ಅಂದರೆ ಕೊರಗು ಉಳಿಸಿ ಹೋದ ದೊಡ್ಡವರು ಎಂದೂ, ಒಂಬತ್ತು ಖಾಲಿ ಗುಡಾಣಗಳನ್ನು ಬದುಕುಳಿಯುವ ಅದೃಷ್ಟದ ದೇವರೆಂದೂ ಕರೆದು ಎರಡಕ್ಕೂ ಕೈಮುಗಿಯುತ್ತಿದ್ದರಂತೆ. ಹುಡುಗ ಇದನ್ನು ಓದಿ ಹೇಳಿದಾಗ ನನಗೆ ಗಂಟಲು ಕಟ್ಟಿತು. ಸಂಸ್ಥಾನಗಳೂ ಸರ್ಕಾರಗಳೂ ಸತ್ತವರನ್ನು ಮಾತ್ರ ಎಣಿಸಿದಾಗ, ಬಂದರಿನ ಸಾಮಾನ್ಯ ಜನ ಖಾಲಿ ಗುಡಾಣವನ್ನೂ ಪೂಜಿಸಿದರು. ಫ್ರೆಂಚ್ ನಾವಿಕರ ಸಮಾಧಿ ಕೋಬೆಯ ವಿದೇಶಿಯರ ರುದ್ರಭೂಮಿಯಲ್ಲಿದೆ.

ಐದನೆಯ ದಿನ: ಟೋಕಿಯೊ

ಶಿಂಬಾಶಿಯ ಗದ್ದಲದ ರಸ್ತೆಯ ಬದಿಯಲ್ಲಿ ಒಂದು ಕಲ್ಲು ನಿಂತಿದೆ. ಅಕೊ ಸಂಸ್ಥಾನದ ಒಡೆಯ ಅಸಾನೊ ನಾಗಾನೊರಿ ಸತ್ತ ತಮೂರಾ ಮನೆ ಇಲ್ಲಿತ್ತು. 1701ರ ಏಪ್ರಿಲ್ 21ರಂದು ಎದೊ, ಅಂದರೆ ಇಂದಿನ ಟೋಕಿಯೊದ ಕೋಟೆಯ ಪಡಸಾಲೆಯಲ್ಲಿ ಅವನು ಕಿರಾ ಯೋಶಿನಾಕಾ ಎಂಬ ಹಿರಿಯ ಅಧಿಕಾರಿಯ ಮೇಲೆ ಕತ್ತಿ ಎಳೆದ. ಆ ದಿನ ಸಂಜೆಯೊಳಗೆ, ದೇಶವನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್ ಸುನಾಯೋಶಿಯ ಆಜ್ಞೆಯಂತೆ ಅವನ ಕಥೆ ಮುಗಿಯಿತು. ವಿಚಾರಣೆ ಇಲ್ಲ, ಕಿರಾನಿಗೆ ಶಿಕ್ಷೆ ಇಲ್ಲ. ಸಂಸ್ಥಾನದ ಒಡೆಯನಿಗೆ ಒಳಗಿನ ಕೋಣೆಯನ್ನೂ ಕೊಡದೆ ಅಂಗಳದಲ್ಲಿ ಸಾಯಿಸಿದರೆಂಬುದು ಅವನ ಸೇವಕರಿಗೆ ಸಾವಿಗಿಂತ ದೊಡ್ಡ ಅವಮಾನವಾಯಿತು. 1703ರ ಜನವರಿ ಕೊನೆಯ ಒಂದು ಹಿಮದ ರಾತ್ರಿ ಓಯಿಶಿ ಕುರಾನೊಸುಕೆಯ ಮುಂದಾಳುತನದಲ್ಲಿ ನಲವತ್ತೇಳು ಒಡೆಯನಿಲ್ಲದ ಸಮುರಾಯ್‌ಗಳು, ಅಂದರೆ ರೋನಿನ್‌ಗಳು, ಕಿರಾನ ಮನೆಗೆ ನುಗ್ಗಿ ಅವನ ತಲೆ ತೆಗೆದು ಸೆಂಗಾಕು-ಜಿಯಲ್ಲಿರುವ ಒಡೆಯನ ಗೋರಿಗೆ ಒಪ್ಪಿಸಿದರು.

ಸೆಂಗಾಕು-ಜಿಯ ಬಾಗಿಲು ದಾಟಿದರೆ ತಲೆ ತೊಳೆದ ಬಾವಿ, ಆಮೇಲೆ ಮೆಟ್ಟಿಲು, ಆಮೇಲೆ ಹೊಗೆ. ಒಂದು ಕಟ್ಟು ಊದುಬತ್ತಿಯನ್ನು ಹೊತ್ತಿಸಿ ಕೊಡುತ್ತಾರೆ. ಒಂದೊಂದು ಗೋರಿಗೂ ಒಂದೊಂದು ಕಡ್ಡಿಯಿಡುತ್ತ ಬರಬೇಕು. ಬಗ್ಗಿ ಬಗ್ಗಿ ನನ್ನ ಸೊಂಟ ನೋಯಿತು, ಆದರೆ ಹಾಗೆ ಬಗ್ಗಿದ್ದರಿಂದಲೇ ಪ್ರತಿಯೊಂದು ಕಲ್ಲನ್ನೂ ನೋಡಿದೆ. “ಎಲ್ಲರ ಹೆಸರಿನಲ್ಲೂ ಎರಡು ಅಕ್ಷರ ಒಂದೇ ಇದೆ ಚಿಕ್ಕಮ್ಮ, ಒಂದು ಅಲಗು, ಇನ್ನೊಂದು ಕತ್ತಿ” ಎಂದು ಹುಡುಗ ಬೆರಳಿಟ್ಟು ತೋರಿಸಿದ. ಸತ್ತ ಮೇಲೆ ಕೊಡುವ ಬೌದ್ಧ ಹೆಸರುಗಳಲ್ಲಿ ಆ ಎರಡು ಅಕ್ಷರಗಳು ಸಾಲುಸಾಲಾಗಿ ಮತ್ತೆ ಮತ್ತೆ ಬರುತ್ತವೆ. ಓಯಿಶಿಯ ಮಗ ಚಿಕಾರಾನಿಗೆ ಅವರ ಲೆಕ್ಕದಲ್ಲಿ ಹದಿನಾರು ವರ್ಷ.

ಇವರನ್ನು ಏನು ಮಾಡಬೇಕೆಂದು ಸರ್ಕಾರಕ್ಕೆ ಸುಮಾರು ಐವತ್ತು ದಿನ ಹಿಡಿಯಿತು. ಒಡೆಯನ ಋಣ ತೀರಿಸಿದ್ದು ಧರ್ಮ, ರಾಜಧಾನಿಯಲ್ಲಿ ಗುಂಪುಕಟ್ಟಿ ಕೊಲೆ ಮಾಡಿದ್ದು ಅಪರಾಧ. ಎರಡನ್ನೂ ಒಟ್ಟಿಗೆ ತೂಗುವ ತಕ್ಕಡಿ ಯಾರ ಬಳಿಯೂ ಇರಲಿಲ್ಲ. ವಿದ್ವಾಂಸ ಓಗ್ಯು ಸೊರಾಯ್ ಕೊಟ್ಟನೆನ್ನುವ ಸಲಹೆಯೇ ಕೊನೆಗೆ ನಡೆಯಿತು: ಕಾನೂನಿನಂತೆ ಸಾಯಲಿ, ಆದರೆ ತಲೆ ಕಡಿಸುವ ಬದಲು ಸೆಪ್ಪುಕುವಿನ ಗೌರವ ಕೊಡಿ. 1703ರ ಮಾರ್ಚ್ 20ರಂದು ನಾಲ್ಕು ದೊರೆಮನೆಗಳಲ್ಲಿ, 17, 10, 10, 9 ಎಂದು ಹಂಚಿಹೋಗಿದ್ದ ನಲವತ್ತಾರು ಮಂದಿ ಅದೇ ದಿನ ಸತ್ತರು. ಆ ಹೊತ್ತಿಗೆ ಆಚರಣೆ ಪೂರ್ತಿ ಕಟ್ಟುಪಾಡಾಗಿತ್ತು. ಎಷ್ಟೋ ಬಾರಿ ಅಲಗಿನ ಬದಲು ಬೀಸಣಿಗೆ ಮುಟ್ಟಿದರೆ ಸಾಕು, ಹಿಂದೆ ನಿಂತ ‘ಕೈಶಕು’ ಎಂಬ ಸಹಾಯಕ ತಲೆ ಕಡಿದು ಕೆಲಸ ಮುಗಿಸುತ್ತಿದ್ದ. ಅವರ ಮಕ್ಕಳಿಗೂ ಶಿಕ್ಷೆಯಾಯಿತು. ಹದಿನೈದು ತುಂಬಿದ್ದ ನಾಲ್ವರು ಗಂಡುಮಕ್ಕಳನ್ನು ಇಜು ಓಶಿಮಾ ದ್ವೀಪಕ್ಕೆ ಕಳಿಸಿದರು. ಒಬ್ಬ ಅಲ್ಲೇ ಸತ್ತ.

ಸಾಲಿನಲ್ಲಿ ಎರಡು ಕಲ್ಲುಗಳು ಬೇರೆ ಬಗೆಯವು. ಒಂದು ಕಾಯಾನೊ ಸಾಂಪೇಯ್‌ನದು. ಬೇರೆ ಒಡೆಯನ ಸೇವೆಗೆ ಸೇರೆಂಬ ತಂದೆಯ ಒತ್ತಾಯಕ್ಕೂ ಗೆಳೆಯರಿಗೆ ಕೊಟ್ಟ ಮಾತಿಗೂ ನಡುವೆ ಸಿಕ್ಕಿ ದಾಳಿಗೂ ಮೊದಲೇ ಪ್ರಾಣ ಕಳೆದುಕೊಂಡವನು ಅವನು. ಇನ್ನೊಂದು ತೆರಾಸಾಕಾ ಕಿಚಿಯೆಮೊನ್‌ನದು. ದಾಳಿಯಲ್ಲಿದ್ದ ಕಾಲಾಳು ಅವನು. ಆ ಬೆಳಿಗ್ಗೆ ಗುಂಪಿನಿಂದ ಬೇರೆಯಾದ. ಸುದ್ದಿ ಮುಟ್ಟಿಸಲು ಓಯಿಶಿಯೇ ಕಳಿಸಿದನೋ, ಹೆದರಿ ಹೋದನೋ ಎಂದು ಮುನ್ನೂರು ವರ್ಷಗಳಿಂದ ವಾದ ನಡೆದಿದೆ. ಅಧಿಕಾರಿಗಳು ಅವನನ್ನು ದಂಡಿಸಲಿಲ್ಲ. ಅವನು 1747ರವರೆಗೆ, ಎಂಬತ್ತಮೂರರ ತನಕ ಬದುಕಿದ. ನಲವತ್ತೇಳು ಎಂಬ ಲೆಕ್ಕದಲ್ಲಿ ಅವನಿದ್ದಾನೆ, ನಲವತ್ತಾರರಲ್ಲಿ ಇಲ್ಲ. ಸತ್ತವರಲ್ಲಿ ಯಾರ ನಿಷ್ಠೆಯನ್ನೂ ಸಂದೇಹಿಸದ ಲೋಕ ಬದುಕಿದ ಒಬ್ಬನಿಂದ ಮಾತ್ರ ಇಷ್ಟು ಕಾಲ ಸಾಕ್ಷಿ ಕೇಳುತ್ತಿರುವುದು ನ್ಯಾಯವಲ್ಲ. ಕೈಯಲ್ಲಿ ಉಳಿದಿದ್ದ ಕಡ್ಡಿಗಳನ್ನೆಲ್ಲ ಅವನ ಕಲ್ಲಿನ ಮುಂದೆಯೇ ಇಟ್ಟೆ.

ದೇವಾಲಯದ ವಸ್ತುಸಂಗ್ರಹದಲ್ಲಿ ಒಂದು ರಸೀದಿ ಇದೆ. ಕಿರಾನ ತಲೆಯನ್ನು ಭಿಕ್ಷುಗಳು ಅವನ ಮನೆಗೆ ಮರಳಿಸಿದಾಗ ಮನೆಯ ಸೇವಕರು ಬರೆದುಕೊಟ್ಟದ್ದು: ತಲೆ, ಒಂದು, ಕಾಗದದ ಗಂಟು, ಒಂದು. ಈ ಇಡೀ ಕಥೆಯಲ್ಲಿ ಕಿರಾನ ಮನೆಯವರ ದುಃಖಕ್ಕೆ ಉಳಿದಿರುವ ಜಾಗ ಆ ಎರಡು ಸಾಲು.

ಸಂಜೆ ಅಕಾಸಾಕಾದ ನೋಗಿ ದೇವಾಲಯದ ಪಕ್ಕದ ಮನೆಯನ್ನು ಹೊರಗಿನಿಂದ, ಕಿಟಕಿಗಳ ಮೂಲಕ ನೋಡಿದೆವು. ಶಿಕ್ಷೆಯಾಗಿ ಸೆಪ್ಪುಕು ವಿಧಿಸುವುದನ್ನು ಸರ್ಕಾರ 1873ರಲ್ಲಿಯೇ ತೆಗೆದುಹಾಕಿತ್ತು. ಆದರೂ 1912ರ ಸೆಪ್ಟೆಂಬರ್ 13ರ ರಾತ್ರಿ, ಮೇಜಿ ಚಕ್ರವರ್ತಿಯ ಶವಯಾತ್ರೆ ಹೊರಟ ಹೊತ್ತಿಗೆ, ಸೇನಾನಿ ನೋಗಿ ಮರೆಸುಕೆ ಮತ್ತು ಹೆಂಡತಿ ಶಿಜುಕೊ ಈ ಮನೆಯಲ್ಲಿ ಪ್ರಾಣ ಬಿಟ್ಟರು. 1877ರ ಯುದ್ಧದಲ್ಲಿ ತನ್ನ ಪಡೆಯ ಧ್ವಜ ಶತ್ರುವಿನ ಕೈಸೇರಿದ ಅಪಮಾನವನ್ನು ಅವನು ತನ್ನ ಕೊನೆಯ ಪತ್ರದಲ್ಲಿ ಕಾರಣವಾಗಿ ಬರೆದಿದ್ದ. ಮೂವತ್ತೈದು ವರ್ಷ ಒಬ್ಬ ಮನುಷ್ಯ ಆ ಭಾರ ಹೊತ್ತು ತಿರುಗಿದ್ದನೆಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಆರನೆಯ ದಿನ: ಸೆಂದಾಯ್

ಒಡೆಯ ಸತ್ತಾಗ ಸೇವಕರೂ ಸಾಯುವುದಕ್ಕೆ ‘ಜುನ್‌ಶಿ’ ಎಂದು ಹೆಸರು. ಸೆಂದಾಯ್ ನಗರದ ಜುಯಿಹೋದೆನ್, ಆ ಸಂಸ್ಥಾನದ ಮೊದಲ ಒಡೆಯ ದಾತೆ ಮಸಾಮುನೆಯ ಸಮಾಧಿ ಮಂಟಪ. 1945ರ ಬಾಂಬಿನಲ್ಲಿ ಸುಟ್ಟು, 1979ರಲ್ಲಿ ಮತ್ತೆ ಎದ್ದ ಅದರ ಬಣ್ಣದ ಕೆತ್ತನೆಗಳ ಎರಡೂ ಬದಿಗೆ ಬೂದುಬಣ್ಣದ ಕಲ್ಲಿನ ಗೋಪುರಗಳು ಸಾಲಾಗಿ ನಿಂತಿವೆ. 1636ರಲ್ಲಿ ಮಸಾಮುನೆ ಕಾಯಿಲೆಯಿಂದ ತೀರಿಕೊಂಡಾಗ ಹದಿನೈದು ಸೇವಕರು ಜೊತೆಗೆ ಸತ್ತರು, ಆ ಸೇವಕರ ಸೇವಕರು ಐವರು ಅವರ ಹಿಂದೆ ಸತ್ತರು. ಒಟ್ಟು ಇಪ್ಪತ್ತು. ಮಗ ತಾದಾಮುನೆಯ ಮಂಟಪದ ಬಳಿಯೂ ಅಂಥ ಕಲ್ಲುಗಳಿವೆ. ಮೂರನೆಯ ಒಡೆಯ ಸುನಾಮುನೆಯ ಮಂಟಪದ ಬಳಿ ಒಂದೂ ಇಲ್ಲ.

ನಡುವೆ ಆದದ್ದು ಇಷ್ಟೆ: 1663ರಲ್ಲಿ ಶೋಗನ್ ಸರ್ಕಾರ ಜುನ್‌ಶಿಯನ್ನು ನಿಷೇಧಿಸಿತು. ಐದು ವರ್ಷಗಳ ನಂತರ ಉತ್ಸುನೊಮಿಯಾದ ಒಡೆಯ ಸತ್ತಾಗ ಒಬ್ಬ ಸೇವಕ ನಿಷೇಧ ಮುರಿದು ಸತ್ತ. ಅವನ ಗಂಡುಮಕ್ಕಳಿಗೆ ಮರಣದಂಡನೆಯಾಯಿತು, ಸಂಸ್ಥಾನದ ಆದಾಯವನ್ನು 1,10,000 ಕೊಕು ಅಕ್ಕಿಯಿಂದ 90,000ಕ್ಕೆ ಇಳಿಸಿ ಬೇರೆಡೆಗೆ ವರ್ಗಾಯಿಸಲಾಯಿತು. ತಂದೆಯ ಕಾಲದಲ್ಲಿ ಕಲ್ಲು ನಿಲ್ಲಿಸಿ ಗೌರವಿಸಿದ್ದು ಮಗನ ಕಾಲಕ್ಕೆ ಅಪರಾಧ. ಬುಶಿಯ ದಾರಿ ಎಂದರೆ ಸಾವಿನ ದಾರಿ ಎಂದು ಹೇಳಿ ಲೋಕಪ್ರಸಿದ್ಧನಾದ ಸಾಗಾದ ಯಾಮಾಮೊಟೊ ತ್ಸುನೆತೊಮೊ, 1700ರಲ್ಲಿ ತನ್ನ ಒಡೆಯ ತೀರಿಕೊಂಡಾಗ ಜುನ್‌ಶಿಗೆ ನಿಷೇಧವಿದ್ದುದರಿಂದ ಸಾಯಲಾಗದೆ ತಲೆ ಬೋಳಿಸಿ ಸನ್ಯಾಸಿಯಾದ, ಇನ್ನೂ ಹತ್ತೊಂಬತ್ತು ವರ್ಷ ಬದುಕಿದ. ಅವನ ಮಾತುಗಳನ್ನು ಓದುವಾಗ ಇದನ್ನು ಮರೆಯಬಾರದು.

ಆ ಇಪ್ಪತ್ತು ಕಲ್ಲುಗಳ ಮುಂದೆ ನನಗೆ ಹಳೇಬೀಡು ನೆನಪಾಯಿತು. ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬದ ಶಾಸನ, ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮ ತನ್ನ ಹೆಂಡತಿ ಮತ್ತು ಪಡೆಯೊಂದಿಗೆ ಪ್ರಾಣ ಕೊಟ್ಟದ್ದನ್ನು ಹೇಳುತ್ತದೆ. ಉಂಡ ಅನ್ನದ ಋಣಕ್ಕೆ ‘ಜೋಳವಾಳಿ’, ಒಡೆಯನೊಂದಿಗೇ ಸಾಯುವ ಭಾಷೆಗೆ ‘ವೇಳೆವಾಳಿ’ ಎಂಬ ಪದಗಳು ನಮ್ಮಲ್ಲಿಯೇ ಇವೆ. ಜುನ್‌ಶಿ ಎಂದರೇನೆಂದು ಹುಡುಗನಿಗೆ ವಿವರಿಸಲು ನನಗೆ ಬೇರೆ ಪದ ಬೇಕಾಗಲಿಲ್ಲ.

ಏಳನೆಯ ದಿನ: ಐಜು ವಾಕಾಮಾತ್ಸು

ಸೆಂದಾಯ್‌ನಿಂದ ಕೋರಿಯಾಮಾಕ್ಕೆ ಬುಲೆಟ್ ರೈಲು, ಅಲ್ಲಿಂದ ಬಂದಾಯ್ ಪರ್ವತದ ಬುಡದಲ್ಲಿ ಹಾಯುವ ನಿಧಾನದ ರೈಲು. 1868ರ ಅಂತರ್ಯುದ್ಧದಲ್ಲಿ ಹೊಸ ಮೇಜಿ ಸರ್ಕಾರದ ವಿರುದ್ಧ ಶೋಗನ್ ಪಕ್ಷದಲ್ಲಿ ಕೊನೆಯವರೆಗೆ ನಿಂತ ಐಜು ಸಂಸ್ಥಾನ ತನ್ನ ಹದಿನಾರು, ಹದಿನೇಳರ ಹುಡುಗರಿಂದ ‘ಬ್ಯಾಕ್ಕೊತಾಯ್’, ಬಿಳಿ ಹುಲಿ ಪಡೆಯನ್ನು ಕಟ್ಟಿತ್ತು. ಅಕ್ಟೋಬರ್ 8ರಂದು ಸೋತು ಚದುರಿದ ಒಂದು ತುಕಡಿ ನೀರಿನ ಕಾಲುವೆಯ ಸುರಂಗದಲ್ಲಿ ನುಸುಳಿ ಇಮೋರಿ ಬೆಟ್ಟಕ್ಕೆ ಬಂದಿತು.

ಮೊದಲು ಊರಿನ ಜೆನ್‌ರ್ಯು-ಜಿಗೆ ಹೋದೆವು. ಆ ಯುದ್ಧದಲ್ಲಿ ಸತ್ತ 233 ಹೆಂಗಸರ ಹೆಸರು ಹೊತ್ತ ‘ನಯೋತಾಕೆ’ ಕಲ್ಲು ಅಲ್ಲಿದೆ. ಶತ್ರು ಊರೊಳಗೆ ಬಂದ ದಿನ ಹಿರಿಯ ಅಧಿಕಾರಿ ಸಾಯ್ಗೊ ತನೊಮೊನ ಮನೆಯಲ್ಲಿ ಹೆಂಡತಿ ಚಿಯೆಕೊ, ಹೆಣ್ಣುಮಕ್ಕಳು, ನೆಂಟರು ಸೇರಿ ಇಪ್ಪತ್ತೊಂದು ಜೀವ ಹೋಯಿತು. ಗಾಳಿಗೆ ಬಾಗುವ ಎಳೆಬಿದಿರು ನಾನಾದರೂ ಬಾಗದ ಗೆಣ್ಣು ಇರುತ್ತದೆಂದು ಕೇಳಿದ್ದೇನೆ ಎಂಬುದು ಚಿಯೆಕೊಳ ಪದ್ಯ. ಕಲ್ಲಿಗೆ ಹೆಸರು ಬಂದದ್ದು ಆ ಬಿದಿರಿನಿಂದ. ಎಷ್ಟು ಸೊಗಸಾದ ಪದ್ಯ! ಆದರೆ ಅವಳ ಪಕ್ಕದಲ್ಲಿ ಸತ್ತ ಎಳೆಯ ಮಕ್ಕಳು ಯಾವ ಪದ್ಯವನ್ನೂ ಬರೆದಿರಲಿಲ್ಲ. ಗಂಡಸರ ಮಾನದ ಚರಿತ್ರೆಯಲ್ಲಿ ಈ ಹೆಸರುಗಳು ಅಡಿಟಿಪ್ಪಣಿಯಾಗಿಯೇ ಉಳಿದಿರುವುದು ನನ್ನನ್ನು ಇಂದಿಗೂ ಕಾಡುತ್ತದೆ.

ಇಮೋರಿ ಬೆಟ್ಟದ ಕಡಿದಾದ ಮೆಟ್ಟಿಲುಗಳ ಪಕ್ಕದಲ್ಲಿ ದುಡ್ಡು ಕೊಟ್ಟು ಏರುವ ಚಲಿಸುವ ಇಳಿಜಾರು ಇದೆ. ನಾವು ಮೆಟ್ಟಿಲನ್ನೇ ಹತ್ತಿದೆವು. ಮೇಲಿನ ಬಯಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಹದ್ದು ಕುಳಿತ ಒಂದು ರೋಮನ್ ಕಂಬ, 1928ರಲ್ಲಿ ಮುಸೊಲಿನಿಯ ಇಟಲಿ ಕಳಿಸಿದ್ದು. ಹತ್ತಿರದಲ್ಲೇ 1935ರ ಒಂದು ಜರ್ಮನ್ ಕಲ್ಲು. ಹದಿನಾರು ವರ್ಷದ ಮಕ್ಕಳ ಸಾವು ಯಾರಿಗೆಲ್ಲ ಇಷ್ಟವಾಯಿತು ಎಂಬುದಕ್ಕೆ ಇವೆರಡು ಸಾಕ್ಷಿ.

ಎಡಕ್ಕೆ ತಿರುಗಿದರೆ ಹತ್ತೊಂಬತ್ತು ಗೋರಿಗಳು. ಊದುಬತ್ತಿಯ ಹೊಗೆ ಇಲ್ಲಿಯೂ ದಟ್ಟವಾಗಿತ್ತು. ಶಾಲೆಯ ಪ್ರವಾಸಕ್ಕೆ ಬಂದ ಹುಡುಗರು, ಸತ್ತವರಷ್ಟೇ ವಯಸ್ಸಿನವರು, ಟೋಪಿ ತೆಗೆದು ಸಾಲಾಗಿ ನಿಂತಿದ್ದರು. ಅಂದು ಈ ಬೆಟ್ಟದ ಮೇಲೆ ಪ್ರಾಣ ಬಿಡಲು ಕುಳಿತವರು ಇಪ್ಪತ್ತು. ಇಪ್ಪತ್ತನೆಯವನಾದ ಈನುಮಾ ಸಾದಾಕಿಚಿಯನ್ನು ಊರಿನ ಒಬ್ಬ ಹೆಂಗಸು ಉಸಿರಾಡುತ್ತಿರುವುದನ್ನು ಕಂಡು ಕಾಪಾಡಿದಳು. ಅವನು ತಂತಿ ಇಲಾಖೆಯ ಎಂಜಿನಿಯರಾದ, 1931ರಲ್ಲಿ ಸೆಂದಾಯ್‌ನಲ್ಲಿ ತೀರಿಕೊಂಡ. ಬಹಳ ವರ್ಷ ಅವನು ಆ ದಿನದ ಬಗ್ಗೆ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದ್ದರಿಂದಲೇ ನಮಗೆ ಏನಾದರೂ ತಿಳಿದಿರುವುದು. ಕೋಟೆ ಸುಡುತ್ತಿದೆ ಎಂದು ತಪ್ಪಾಗಿ ತಿಳಿದು ಹುಡುಗರು ಸತ್ತರೆಂಬುದು ಜನಪ್ರಿಯ ಕಥೆ. ಕೋಟೆಗೆ ಹಿಂದಿರುಗುವುದೋ, ಶತ್ರುವಿನ ಮೇಲೆ ಬೀಳುವುದೋ ಎಂದು ಅವರು ವಾದಿಸಿದರು, ಕೊನೆಗೆ ಸೆರೆ ಸಿಕ್ಕುವ ಅವಮಾನಕ್ಕೆ ಹೆದರಿ ಈ ತೀರ್ಮಾನಕ್ಕೆ ಬಂದರು ಎಂಬುದು ಅವನ ಮಾತಿನಿಂದ ಬಂದ ದಾಖಲೆ. ಅವರು ಕಲಿತ ಶಾಲೆಯ ಪಾಠದಲ್ಲಿ ಸೆರೆಯಾಗಿಯಾದರೂ ಬದುಕು ಎಂಬ ಒಂದು ಸಾಲು ಇದ್ದಿದ್ದರೆ ಎಂದು ಮೇಷ್ಟ್ರಾಗಿದ್ದ ನನ್ನ ಮನಸ್ಸು ಮಿಡಿಯಿತು.

ಈನುಮಾನ ಅಸ್ಥಿಯನ್ನು 1957ರಲ್ಲಿ ಇಲ್ಲಿಗೆ ತಂದರು. ಹತ್ತೊಂಬತ್ತರ ಸಾಲಿನಲ್ಲಿ ಇಡಲಿಲ್ಲ. ಅವನ ಕಲ್ಲು ಸ್ವಲ್ಪ ದೂರದಲ್ಲಿ, ಮರಗಳ ಕೆಳಗೆ ಒಂಟಿಯಾಗಿದೆ. ಶಾಲೆಯ ಹುಡುಗರು ಅತ್ತ ಹೋಗಲಿಲ್ಲ. ನಾನು ಅದರ ಮುಂದೆ ಚಪ್ಪಲಿ ಬಿಟ್ಟು ನಿಂತೆ, ಅಕ್ಕನ ಮಗ ಕಲ್ಲಿನ ಮೇಲೆ ಬಿದ್ದಿದ್ದ ಒದ್ದೆ ಎಲೆಗಳನ್ನು ಕೈಯಿಂದ ಸರಿಸಿದ.

ಅಲ್ಲಿಂದ ಕೆಳಗೆ, ಹುಡುಗರು ಊರನ್ನು ನೋಡಿದ ಜಾಗದಲ್ಲಿ ಒಂದು ಕಲ್ಲಿನ ಪ್ರತಿಮೆ ಕೈಯನ್ನು ಹಣೆಗೆ ಅಡ್ಡ ಹಿಡಿದು ದೂರಕ್ಕೆ ನೋಡುತ್ತಿದೆ. ನಾನೂ ನೋಡಿದೆ. ಮನೆಗಳ ಚಾವಣಿ, ಮೋಡದ ನೆರಳು, ಅಷ್ಟೇ ಕಂಡಿತು. “ಅಲ್ಲಿ ಚಿಕ್ಕಮ್ಮ, ಆ ಮರಗಳ ಗುಂಪಿನ ಮೇಲೆ, ಇನ್ನೂ ಸ್ವಲ್ಪ ಎಡಕ್ಕೆ” ಎಂದು ಹುಡುಗ ನನ್ನ ಭುಜ ಹಿಡಿದು ತಿರುಗಿಸಿದ. ಆಗ ಕಂಡಿತು: 1965ರಲ್ಲಿ ಮತ್ತೆ ಕಟ್ಟಿದ ತ್ಸುರುಗಾ ಕೋಟೆಯ ಬಿಳಿ ಗೋಡೆ, ಕೆಂಪು ಹೆಂಚು, ಉಗುರಿನಷ್ಟು ಚಿಕ್ಕದಾಗಿ. ಹುಡುಗರು ಸತ್ತ ಮೇಲೂ ಹಳೆಯ ಕೋಟೆ ಸುಮಾರು ಒಂದು ತಿಂಗಳು ಶತ್ರುವಿಗೆ ಬಗ್ಗದೆ ನಿಂತಿತ್ತು. ನವೆಂಬರ್ 6ರಂದು ಶರಣಾಗತಿಯ ಬಿಳಿ ಬಾವುಟ ಏರಿಸಿ ಹೊರಬಂದ ಐಜು ಒಡೆಯ ಮಾತ್ಸುದೈರಾ ಕತಾಮೊರಿ, ಆಮೇಲೆ ಇಪ್ಪತ್ತೈದು ವರ್ಷ ಬದುಕಿದ.